ಮನೆಯಲ್ಲಿ ಕಟ್ಟಿದ ಲಘುವಿಮಾನಕ್ಕೆ ಬದಲಿ ಇಂಜಿನಿನ ಆಯ್ಕೆ: ಯಾದಗಿರಿ ಸೀಮೆಯ ಬೇಸಿಗೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಯಾದಗಿರಿ, ಶಹಾಪುರ ಮತ್ತು ಸುರಪುರಗಳ ಕಾಲೇಜುಗಳಲ್ಲಿ ಯಂತ್ರವಿಜ್ಞಾನವನ್ನು ಕುರಿತು ಮಾತನಾಡುವ ಅವಕಾಶ ದೊರೆತಾಗಲೆಲ್ಲ ಈ ಲೇಖಕನಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗಿದೆ. ಉಪನ್ಯಾಸದ ವಿಷಯ ಉಷ್ಣಗತಿಶಾಸ್ತ್ರವಾಗಿರಲಿ ಕಂಪನಗಳಾಗಿರಲಿ, ಕೊನೆಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಸರ್, ಹಳೀ ಮಾರುತಿ ಕಾರಿನ ಇಂಜಿನ್ ಹಾಕಿದ್ರ ಸಣ್ಣ ವಿಮಾನ ಮ್ಯಾಲ ಏಳ್ತದೇನ್ರಿ?" ಎಂದು ಕೇಳುತ್ತಾನೆ. ಸಭೆ ನಗುತ್ತದೆ. ಆದರೆ ಪ್ರಶ್ನೆ ನಗುವಂಥದಲ್ಲ. ಹೊಸ ವಿಮಾನ ಇಂಜಿನಿನ ಬೆಲೆ ಎಷ್ಟೋ ಸಲ ಉಳಿದ ವಿಮಾನದ ಬೆಲೆಯನ್ನೇ ಮೀರುತ್ತದೆ. ಆದಕಾರಣ ಮನೆಯಲ್ಲಿ ವಿಮಾನ ಕಟ್ಟುವ ಹವ್ಯಾಸಿಗೆ ಬದಲಿ ಇಂಜಿನಿನ ವಿಚಾರ ಎಲ್ಲ ದೇಶಗಳಲ್ಲಿಯೂ ಮೊದಲಿನಿಂದ ಬಂದುದೇ ಆಗಿದೆ. ಏಳುತ್ತದೆ ಎಂಬುದೇ ನೇರವಾದ ಉತ್ತರ. ಎದ್ದ ಮೇಲೆ ಏನು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಒಂದು ಇಂಜಿನಿನ ಸ್ಥಳದಲ್ಲಿ ಇನ್ನೊಂದನ್ನು ಇಟ್ಟವನು ಯಂತ್ರವನ್ನು ಮಾತ್ರ ಬದಲಿಸಿದನೆಂದು ತಿಳಿಯುತ್ತಾನೆ. ವಾಸ್ತವದಲ್ಲಿ ಅವನು ವಿಮಾನವನ್ನೇ ಬದಲಿಸಿರುತ್ತಾನೆ. ಮುಂದಿನ ಲೆಕ್ಕಗಳೆಲ್ಲ ಈ ಒಂದು ಮಾತಿನ ವಿವರಣೆ.

ಬದಲಿ ಇಂಜಿನಿನ ಕಥೆ ವಿಮಾನದಷ್ಟೇ ಹಳೆಯದು. 1903ರಲ್ಲಿ ರೈಟ್ ಸೋದರರಿಗೆ ಬೇಕಾದ ಹಗುರವಾದ ಇಂಜಿನನ್ನು ಒದಗಿಸಲು ಕಾರು ತಯಾರಕರು ಮುಂದೆ ಬಾರದಿದ್ದಾಗ, ಅವರ ಸೈಕಲ್ ಅಂಗಡಿಯ ಕುಶಲಕರ್ಮಿ ಚಾರ್ಲ್ಸ್ ಟೇಲರ್ ಸುಮಾರು 12 ಅಶ್ವಶಕ್ತಿಯ ಇಂಜಿನೊಂದನ್ನು ಅಲ್ಲಿಯೇ ತಯಾರಿಸಿದನು. 1929ರಲ್ಲಿ ಅಮೆರಿಕದ ಮಿನಿಸೋಟದ ಬರ್ನಾರ್ಡ್ ಪೀಟನ್‌ಪೋಲ್ ಫೋರ್ಡ್ ಕಂಪನಿಯ ಮಾಡೆಲ್-ಎ ಕಾರಿನ ಇಂಜಿನನ್ನು ತನ್ನ ಮರದ ವಿಮಾನಕ್ಕೆ ಕೂಡಿಸಿ ಹಾರಿಸಿದನು. ಆ ನಕ್ಷೆಯಂತೆ ವಿಮಾನ ಕಟ್ಟುವವರು ಇಂದಿಗೂ ಇದ್ದಾರೆ. ನಮ್ಮ ಹೊಲಗಳ ಪಂಪಿಗೆ ಕೂಡಿಸುವ 5 ಅಶ್ವಶಕ್ತಿಯ ಡೀಸೆಲ್ ಇಂಜಿನು ನೂರು ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ, ಎಂದರೆ ಅಶ್ವಶಕ್ತಿಯೊಂದಕ್ಕೆ 20 ಕಿಲೋಗ್ರಾಂ. ಟೇಲರನ ಇಂಜಿನಿನಲ್ಲಿ ಈ ಪ್ರಮಾಣ ಆರು-ಏಳು. ಇಂದಿನ ಸಣ್ಣ ವಿಮಾನ ಇಂಜಿನುಗಳಲ್ಲಿ ಒಂದಕ್ಕೂ ಕಡಿಮೆ.

ಮೊದಲು ನಮ್ಮ ಸೀಮೆಯ ಗಾಳಿಯನ್ನು ಅಳೆಯೋಣ. ಯಾದಗಿರಿ ಸಮುದ್ರಮಟ್ಟದಿಂದ ಸುಮಾರು 390 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಜಕ್ಕೂರು ವಿಮಾನನೆಲೆ ಸುಮಾರು 920 ಮೀಟರ್. ಭೂಗೋಳವನ್ನು ಮಾತ್ರ ಓದಿದವನು ಯಾದಗಿರಿಯ ಗಾಳಿ ದಟ್ಟವಾಗಿರಬೇಕೆಂದೂ ಇಂಜಿನಿಗೆ ಅನುಕೂಲವೆಂದೂ ಹೇಳಿಯಾನು. ಆದರೆ ಗಾಳಿಯ ಸಾಂದ್ರತೆ ಒತ್ತಡವನ್ನು ಮಾತ್ರವಲ್ಲದೆ ಉಷ್ಣತೆಯನ್ನೂ ಅವಲಂಬಿಸಿದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪೂರ್ವವಲ್ಲ. 390 ಮೀಟರಿನಲ್ಲಿ ಪ್ರಮಾಣಿತ ಒತ್ತಡ ಸುಮಾರು 967 ಮಿಲಿಬಾರ್. ಆದರ್ಶ ಅನಿಲದ ಸಮೀಕರಣವನ್ನು ಹಚ್ಚಿದರೆ ಸಾಂದ್ರತೆ ಘನಮೀಟರಿಗೆ 1.07 ಕಿಲೋಗ್ರಾಂ ಬರುತ್ತದೆ. ಪ್ರಮಾಣಿತ ಸಮುದ್ರಮಟ್ಟದ ಸಾಂದ್ರತೆ 1.225. ನಮ್ಮದು ಅದರ ನೂರಕ್ಕೆ 87 ಪಾಲು. ಪ್ರಮಾಣಿತ ವಾಯುಮಂಡಲದಲ್ಲಿ ಈ ಸಾಂದ್ರತೆ ದೊರೆಯುವುದು ಸುಮಾರು 1,400 ಮೀಟರ್ ಎತ್ತರದಲ್ಲಿ. ಬೆಂಗಳೂರಿನ 24 ಡಿಗ್ರಿಯ ಹಿತವಾದ ಮುಂಜಾನೆಗೂ ಇದೇ ಲೆಕ್ಕವನ್ನು ಮಾಡಿದರೆ ಸಾಂದ್ರತೆ 1.06 ಬರುತ್ತದೆ. ಎಂದರೆ ಮೇ ತಿಂಗಳ ಮಧ್ಯಾಹ್ನದಲ್ಲಿ ಯಾದಗಿರಿಯ ಬಯಲು, ವಿಮಾನದ ಪಾಲಿಗೆ, ಬೆಂಗಳೂರಿನಷ್ಟೇ ಎತ್ತರಕ್ಕೆ ಏರಿ ಕುಳಿತಿರುತ್ತದೆ. ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿಸಿದಾಗ ವಿದ್ಯಾರ್ಥಿಗಳು ಎರಡೆರಡು ಸಲ ಗುಣಿಸಿ ನೋಡುವುದನ್ನು ಕಂಡಿದ್ದೇನೆ.

ಇದರಿಂದಾಗುವ ನಷ್ಟ ಮೇಲುನೋಟಕ್ಕೆ ಅಲ್ಪ. ಇಂಜಿನಿನ ಶಕ್ತಿ ಸ್ಥೂಲವಾಗಿ ಸಾಂದ್ರತೆಯನ್ನು ಅನುಸರಿಸುತ್ತದೆ ಎಂದಿಟ್ಟುಕೊಂಡರೆ 65 ಅಶ್ವಶಕ್ತಿಯ ಇಂಜಿನು 57ನ್ನು ಕೊಡುತ್ತದೆ. ಆದರೆ ವಿಮಾನ ಮೇಲೇರುವುದು ಇದ್ದ ಶಕ್ತಿಯಿಂದಲ್ಲ, ಉಳಿದ ಶಕ್ತಿಯಿಂದ. 450 ಕಿಲೋಗ್ರಾಂ ತೂಕದ ಎರಡಾಸನದ ವಿಮಾನವೊಂದು ಮಟ್ಟವಾಗಿ ಹಾರಲು 22 ಅಶ್ವಶಕ್ತಿ ಸಾಕು ಎನ್ನೋಣ. ಪ್ರೊಪೆಲರಿನ ದಕ್ಷತೆ ನೂರಕ್ಕೆ 60 ಎನ್ನೋಣ. ಸಮುದ್ರಮಟ್ಟದಲ್ಲಿ ಪ್ರೊಪೆಲರಿನಿಂದ ದೊರೆಯುವುದು 39, ಉಳಿಯುವುದು 17. ಏರುವಿಕೆ ಸೆಕೆಂಡಿಗೆ 2.8 ಮೀಟರ್. ಯಾದಗಿರಿಯ ಬಿಸಿಲಿನಲ್ಲಿ ದೊರೆಯುವುದು 34. ತೆಳುವಾದ ಗಾಳಿಯಲ್ಲಿ ಅದೇ ಎತ್ತುಬಲವನ್ನು ಪಡೆಯಲು ವಿಮಾನ ಹೆಚ್ಚು ವೇಗದಿಂದ ಹೋಗಬೇಕಾದುದರಿಂದ ಬೇಕಾದ ಶಕ್ತಿ 23.5ಕ್ಕೆ ಏರುತ್ತದೆ. ಉಳಿದುದು 10.5 ಮಾತ್ರ, ಏರುವಿಕೆ 1.75 ಮೀಟರ್. ಶಕ್ತಿಯಲ್ಲಿ ನೂರಕ್ಕೆ 13ರ ಕೊರತೆ, ಏರುವಿಕೆಯಲ್ಲಿ ನೂರಕ್ಕೆ 38ರ ಕೊರತೆಯಾಗಿ ಪರಿಣಮಿಸಿತು. ಬಯಲಿನ ಕೊನೆಯಲ್ಲಿ ಬೇವಿನ ಮರವೊಂದಿದ್ದರೆ ಈ ವ್ಯತ್ಯಾಸದ ಅರ್ಥ ಚೆನ್ನಾಗಿ ತಿಳಿಯುತ್ತದೆ.

ಹಾಗಾದರೆ ದೊಡ್ಡ ಇಂಜಿನನ್ನು ಹಾಕಿದರಾಯಿತು ಎನ್ನಬಹುದು. ಇಲ್ಲಿಂದಲೇ ನಿಜವಾದ ತೊಡಕು ಪ್ರಾರಂಭವಾಗುತ್ತದೆ. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಉದಾಹರಣೆಗಳುಂಟು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿದ್ದು ಜಿಪ್ಸಿ ಮೇಜರ್ ಇಂಜಿನಿನಿಂದ. 1952ರಲ್ಲಿ ಹಾರಿದ ಎರಡನೆಯ ಮಾದರಿಗೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಇಂಜಿನನ್ನು ಕೂಡಿಸಿ, ತಯಾರಿಕೆಗೆ ಅದನ್ನೇ ಆರಿಸಿಕೊಂಡರು. ಎರಡೂ ತಲೆಕೆಳಗಾದ ನಾಲ್ಕು ಸಿಲಿಂಡರುಗಳ ಒಂದೇ ಜಾತಿಯ ಇಂಜಿನುಗಳಾದುದರಿಂದ ಆ ಬದಲಾವಣೆ ಸುಲಭವಾದುದು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಹಂಸ ವಿಮಾನದ ಮಾತು ಬೇರೆ. 1993ರಲ್ಲಿ ಹಾರಿದ ಹಂಸ-2ಕ್ಕೆ ಗಾಳಿಯಿಂದ ತಣಿಯುವ, ಪ್ರೊಪೆಲರನ್ನು ನೇರವಾಗಿ ತಿರುಗಿಸುವ ಕಾಂಟಿನೆಂಟಲ್ ಇಂಜಿನಿತ್ತು. ಹಂಸ-3ಕ್ಕೆ ಬಂದುದು ಆಸ್ಟ್ರಿಯದ ರೋಟ್ಯಾಕ್ಸ್ 914: ಗಾತ್ರದಲ್ಲಿ ಮೂರನೆಯ ಒಂದು ಪಾಲು, ಸುತ್ತಿನಲ್ಲಿ ಎರಡರಷ್ಟು, ನಡುವೆ ಗೇರು, ತಲೆಗಳಿಗೆ ನೀರು, ಗಾಳಿಯನ್ನು ಒತ್ತಿ ತುಂಬುವ ಟರ್ಬೊ. 2021ರಲ್ಲಿ ಹಾರಿದ ಹಂಸ-ಎನ್‌ಜಿ ವಿಮಾನಕ್ಕೆ ಅದೇ ಮನೆತನದ, ಟರ್ಬೊ ಇಲ್ಲದ, ಇಂಧನವನ್ನು ಸಿಂಚನ ಮಾಡುವ 912 ಇಂಜಿನು ಬಂದಿತು. ಪ್ರಯೋಗಾಲಯವೊಂದರಲ್ಲಿಯೇ ಇಂಜಿನಿನ ಪ್ರಶ್ನೆ ಮೂರು ಸಲ ಎದ್ದಿತೆಂದ ಮೇಲೆ ಶಹಾಪುರದ ವಿದ್ಯಾರ್ಥಿಗೆ ಅದು ಒಂದು ದಿನದಲ್ಲಿ ಬಗೆಹರಿಯಲಾರದು.

ಆದರೆ ಹವ್ಯಾಸಿಯ ಸಮಸ್ಯೆಗೆ ಅತ್ಯಂತ ಸಮೀಪವಾದ ದೃಷ್ಟಾಂತ ಬೆಂಗಳೂರಿನ ಎಕ್ಸ್-ಏರ್ ವಿಮಾನದ್ದು. ರಾಜ್ ಹಂಸ ಎಂಬ ಸಂಸ್ಥೆ ತಯಾರಿಸಿದ ಈ ಎರಡಾಸನದ ಅತಿಲಘುವಿಮಾನ ಅಲ್ಯುಮಿನಿಯಂ ಕೊಳವೆಗಳ ಹಂದರ. ಅದರ ಮೇಲೆ ಹೊಲಿದ ಬಟ್ಟೆಯ ಹೊದಿಕೆ. ಬಿಡಿಭಾಗಗಳ ಪೆಟ್ಟಿಗೆಯಾಗಿ ಇದು ಹೊರದೇಶಗಳಿಗೆ ಹೋಯಿತು. ಬ್ರಿಟನ್ನಿನಲ್ಲಿ ಅದನ್ನು ಕೊಂಡವರು ತಮ್ಮ ಮನೆಯ ಕಾರಿನ ಕೊಟ್ಟಿಗೆಗಳಲ್ಲಿ ಕೂಡಿಸಿ ಹಾರಿಸಿದರು. ಅಲ್ಲಿ ಈ ಒಂದೇ ಒಡಲು ಎಷ್ಟು ಇಂಜಿನುಗಳನ್ನು ಧರಿಸಿತೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ: ಎರಡು-ಹೊಡೆತದ ರೋಟ್ಯಾಕ್ಸ್ 582, ಎಚ್‌ಕೆಎಸ್ 700, ವರ್ನರ್ 133, ಆಸ್ಟ್ರೇಲಿಯದ ಜಬೀರು 2200, ಕಡೆಗೆ ರೋಟ್ಯಾಕ್ಸ್ 912. ಅಲ್ಲಿನ ಅಧಿಕಾರಿಗಳು ಇವೆಲ್ಲವನ್ನೂ ಒಂದೇ ವಿಮಾನವೆಂದು ಎಣಿಸಲಿಲ್ಲ. ಪ್ರತಿಯೊಂದು ಇಂಜಿನಿಗೂ ಪ್ರತ್ಯೇಕ ಒಪ್ಪಿಗೆ. ವಿಮಾನದ ಹೆಸರಿನ ಕೊನೆಗೆ ಇಂಜಿನಿನ ಸಂಖ್ಯೆ. ಇಂಜಿನು ಬದಲಾದರೆ ವಿಮಾನ ಬದಲಾಯಿತೆಂಬ ತತ್ತ್ವವನ್ನು ಅವರು ನೋಂದಣಿಯ ಪುಸ್ತಕದಲ್ಲಿಯೇ ಬರೆದಿಟ್ಟರು.

ಇವುಗಳಲ್ಲಿ ಎರಡನ್ನು ಹೋಲಿಸೋಣ. ರೋಟ್ಯಾಕ್ಸ್ 582 ಸುಮಾರು 65 ಅಶ್ವಶಕ್ತಿಯ ಎರಡು-ಹೊಡೆತದ ಇಂಜಿನು. ನಿಮಿಷಕ್ಕೆ 6,500 ಸುತ್ತು, ಗೇರಿನ ಮೂಲಕ ಪ್ರೊಪೆಲರು ನಿಧಾನವಾಗಿ ತಿರುಗುತ್ತದೆ. ಜಬೀರು 2200 ಸುಮಾರು 80 ಅಶ್ವಶಕ್ತಿಯ ನಾಲ್ಕು-ಹೊಡೆತದ ಇಂಜಿನು. ಗೇರಿಲ್ಲ, ಪ್ರೊಪೆಲರು ಇಂಜಿನಿನೊಡನೆಯೇ 3,300 ಸುತ್ತು ತಿರುಗುತ್ತದೆ. ಅಂಕಿಗಳನ್ನು ಮಾತ್ರ ನೋಡುವವನು 80ನ್ನು ಆರಿಸುತ್ತಾನೆ. ಆದರೆ ಪ್ರೊಪೆಲರಿನ ತುದಿ ಶಬ್ದವೇಗವನ್ನು ಸಮೀಪಿಸಕೂಡದೆಂಬ ಕಟ್ಟಳೆ ಇದೆ. ಸಮೀಪಿಸಿದರೆ ಶಕ್ತಿಯೆಲ್ಲ ಗದ್ದಲವಾಗಿ ಹೋಗುತ್ತದೆ. ಆದಕಾರಣ ವೇಗವಾಗಿ ತಿರುಗುವ ಪ್ರೊಪೆಲರು ಗಿಡ್ಡವಾಗಲೇಬೇಕು. 582ಕ್ಕೆ 1.73 ಮೀಟರ್ ವ್ಯಾಸ, ಜಬೀರುವಿಗೆ 1.52 ಮೀಟರ್ ಎಂದಿಟ್ಟುಕೊಳ್ಳೋಣ. ಸಂವೇಗ ಸಿದ್ಧಾಂತದ ಪ್ರಕಾರ ನಿಂತಲ್ಲಿಯೇ ದೊರೆಯುವ ಆದರ್ಶ ನೂಕುಬಲ, ಶಕ್ತಿ ಮತ್ತು ವ್ಯಾಸಗಳ ಗುಣಲಬ್ಧದ ಮೂರನೆಯ ಎರಡು ಘಾತದಂತೆ ಹೆಚ್ಚುತ್ತದೆ. 65ನ್ನು 1.73ರಿಂದ ಗುಣಿಸಿದರೆ 112, 80ನ್ನು 1.52ರಿಂದ ಗುಣಿಸಿದರೆ 122. ಘಾತವನ್ನು ಹಚ್ಚಿದಾಗ ಜಬೀರುವಿನ ಮೇಲುಗೈ ನೂರಕ್ಕೆ ಐದೋ ಆರೋ ಅಷ್ಟೆ. ಅಶ್ವಶಕ್ತಿಯಲ್ಲಿ ನೂರಕ್ಕೆ 23ನ್ನು ಹೆಚ್ಚು ಕೊಟ್ಟು ಕೊಂಡವನ ಕೈಗೆ ಬಂದುದು ಇಷ್ಟು. ಗಂಟೆಗೆ ನೂರು ಕಿಲೋಮೀಟರಿನ ಸುಮಾರಿಗೆ ಹಾರುವ, ಗಾಳಿಗೆ ಬಹಳ ತಡೆಯೊಡ್ಡುವ ಕೊಳವೆ-ಬಟ್ಟೆಯ ವಿಮಾನಕ್ಕೆ ದೊಡ್ಡದಾಗಿ ನಿಧಾನವಾಗಿ ತಿರುಗುವ ಪ್ರೊಪೆಲರೇ ಹಿತ. ಅದೇ ಜಬೀರು, ನುಣುಪಾದ ಒಡಲಿನ ವೇಗದ ವಿಮಾನದಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ. ಇಂಜಿನಿನಲ್ಲಿ ದೋಷವಿಲ್ಲ; ಜೋಡಿ ಕೂಡಿಬರಲಿಲ್ಲ.

ತೂಕದ ಲೆಕ್ಕವೂ ಇಷ್ಟೇ ಮೋಸಗೊಳಿಸುವಂಥದು. ಗೇರು, ನೀರು, ಹೊಗೆಕೊಳವೆ ಎಲ್ಲ ಸೇರಿ ಎರಡು-ಹೊಡೆತದ ಇಂಜಿನು 50 ಕಿಲೋಗ್ರಾಂ, ನಾಲ್ಕು-ಹೊಡೆತದ್ದು 62 ಎನ್ನೋಣ. ಈ 12 ಕಿಲೋಗ್ರಾಂ ಎಂದರೆ ಸುಮಾರು 17 ಲೀಟರ್ ಪೆಟ್ರೋಲು. ನಾಲ್ಕು-ಹೊಡೆತದ ಇಂಜಿನು ಗಂಟೆಗೆ ನಾಲ್ಕು ಲೀಟರ್ ಕಡಿಮೆ ಕುಡಿದರೂ ಆ ಹೆಚ್ಚಿನ ತೂಕವನ್ನು ತೀರಿಸಲು ನಾಲ್ಕು ಗಂಟೆಗೂ ಮೀರಿ ಹಾರಬೇಕು. ಅಷ್ಟು ಹೊತ್ತಿನ ಇಂಧನ ಇಂಥ ವಿಮಾನದ ತೊಟ್ಟಿಯಲ್ಲಿ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಹಾಗಿದ್ದರೂ ಈ ಲೇಖಕನು ನಾಲ್ಕು-ಹೊಡೆತದ್ದನ್ನೇ ಒಪ್ಪುತ್ತಾನೆ, ಕಾರಣ ತೂಕವಲ್ಲ. ಎರಡು-ಹೊಡೆತದ ಇಂಜಿನಿನಲ್ಲಿ ಎಣ್ಣೆ ಪೆಟ್ರೋಲಿನೊಡನೆಯೇ ಬರುತ್ತದೆ. ಮಿಶ್ರಣ ಒಂದಿಷ್ಟು ತೆಳುವಾದರೆ ಕೊಂತ ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಇಂಜಿನು ಯಾವ ಕ್ಷಣದಲ್ಲಿಯಾದರೂ ನಿಲ್ಲಬಹುದೆಂದು ತಯಾರಕರೇ ತಮ್ಮ ಕೈಪಿಡಿಯಲ್ಲಿ ಎಚ್ಚರಿಸಿದ್ದಾರೆ. ಅದನ್ನು ಓದಿದ ಮೇಲೂ ಹಾರುವವನು ಎಲ್ಲಿ ಇಳಿಯಬೇಕೆಂಬುದನ್ನು ಮೊದಲೇ ನೋಡಿಟ್ಟುಕೊಂಡಿರಬೇಕು.

ಇನ್ನು ಗುರುತ್ವಕೇಂದ್ರದ ವಿಚಾರ. ಹಳೆಯ ಇಂಜಿನಿಗಿಂತ 30 ಕಿಲೋಗ್ರಾಂ ಹಗುರವಾದ ಇಂಜಿನು ದೊರೆತರೆ ಹವ್ಯಾಸಿ ಹಿಗ್ಗುತ್ತಾನೆ. ವಿಮಾನದ ತೂಕ 500 ಕಿಲೋಗ್ರಾಂ ಇದ್ದು ಇಂಜಿನು ಗುರುತ್ವಕೇಂದ್ರದಿಂದ 1.2 ಮೀಟರ್ ಮುಂದಿದ್ದರೆ, ಈ ಬದಲಾವಣೆಯಿಂದ ಕೇಂದ್ರ 7.7 ಸೆಂಟಿಮೀಟರ್ ಹಿಂದಕ್ಕೆ ಸರಿಯುತ್ತದೆ. ರೆಕ್ಕೆಯ ಅಗಲ 1.3 ಮೀಟರ್ ಎಂದಾದರೆ ಅದು ಅಗಲದ ನೂರಕ್ಕೆ ಆರು ಪಾಲು. ಸಣ್ಣ ವಿಮಾನಗಳಲ್ಲಿ ಕೇಂದ್ರ ಓಡಾಡಲು ಇರುವ ಅವಕಾಶವೇ ನೂರಕ್ಕೆ ಹತ್ತು-ಹದಿನೈದು. ಅರ್ಧದಷ್ಟನ್ನು ಇಂಜಿನೊಂದೇ ನುಂಗಿತು. ಕೇಂದ್ರ ಮಿತಿಮೀರಿ ಹಿಂದಕ್ಕೆ ಹೋದ ವಿಮಾನದ ಮೂಗು ಒಮ್ಮೆ ಮೇಲೆದ್ದರೆ ಕೆಳಗಿಳಿಸಲು ಬಾಲಕ್ಕೆ ಬಲ ಸಾಲದೆ ಹೋಗಬಹುದು. ಹಗುರವಾದ ಇಂಜಿನನ್ನು ಇನ್ನಷ್ಟು ಮುಂದಕ್ಕೆ ಚಾಚಿ ಕೂಡಿಸುವುದೂ ಬ್ಯಾಟರಿಯನ್ನು ಮುಂದಕ್ಕೆ ಒಯ್ಯುವುದೂ ಇದಕ್ಕೆ ಪರಿಹಾರ.

ಇಂಜಿನು ಹಿಂದೆ ಇರುವ ವಿಮಾನದಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ಇದಕ್ಕೂ ಬೆಂಗಳೂರಿನ ನಿದರ್ಶನವೇ ಇದೆ. 1987ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಹಾರಿಸಿದ ಲಘು ಸಂಶೋಧನ ವಿಮಾನ, ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗಾಗಿ ರಚಿಸಿದ ಲಾಂಗ್-ಈಜ಼ಿ ಎಂಬ ನಕ್ಷೆಯನ್ನು ಆಧರಿಸಿದ್ದು. ಸಣ್ಣ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ, ಇಂಜಿನು ಮತ್ತು ಪ್ರೊಪೆಲರು ಎಲ್ಲಕ್ಕೂ ಹಿಂದೆ. ಈ ನಕ್ಷೆಯ ಪೂರ್ವಚರಿತ್ರೆ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ರುಟಾನನ ಹಿಂದಿನ ವಿಮಾನ ವೇರಿ-ಈಜ಼ಿಯ ಮೊದಲ ಮಾದರಿ 1975ರಲ್ಲಿ ಹಾರಿದ್ದು ಫೋಕ್ಸ್‌ವ್ಯಾಗನ್ ಕಾರಿನ ಇಂಜಿನಿನಿಂದ. ಹವ್ಯಾಸಿಗಳಿಗೆ ನಕ್ಷೆ ಮಾರುವ ಹೊತ್ತಿಗೆ ಅದನ್ನು ಬಿಟ್ಟು 100 ಅಶ್ವಶಕ್ತಿಯ ಕಾಂಟಿನೆಂಟಲ್ ವಿಮಾನ ಇಂಜಿನನ್ನು ಆರಿಸಿಕೊಂಡನು, ವಿಮಾನವೇ ದೊಡ್ಡದಾಯಿತು. ಅನಂತರ ಇನ್ನೂ ಭಾರವಾದ ಲೈಕಮಿಂಗ್ ಓ-235 ಇಂಜಿನನ್ನು ಅದಕ್ಕೆ ಕೂಡಿಸಲು ಹೊರಟಾಗ ಹಳೆಯ ರೆಕ್ಕೆಗಳು ಒಗ್ಗಲಿಲ್ಲ. ಹಿಂದೆ ಸರಿದ ಭಾರಕ್ಕೆ ತಕ್ಕಂತೆ ಹೊಸ ರೆಕ್ಕೆಗಳನ್ನು ರಚಿಸಬೇಕಾಯಿತು. ಹೀಗೆ 1979ರಲ್ಲಿ ಹುಟ್ಟಿದ್ದೇ ಲಾಂಗ್-ಈಜ಼ಿ. ಬೆಂಗಳೂರಿನಲ್ಲಿ ಕಟ್ಟಿದ ವಿಮಾನವು ಒಂದು ಇಂಜಿನು ಬದಲಾವಣೆಯ ಸಂತಾನವೆಂದರೆ ತಪ್ಪಾಗದು. ರುಟಾನನಂಥ ಕುಶಲನಿಗೇ ಇಂಜಿನಿನ ಹಿಂದೆ ರೆಕ್ಕೆಯನ್ನೂ ಬದಲಿಸದೆ ಗತ್ಯಂತರವಿರಲಿಲ್ಲ.

ಶಾಖದ ವಿಷಯದಲ್ಲಿ ನಮ್ಮ ಸೀಮೆಗೆ ವಿಶೇಷವಾದ ಒಂದು ಮಾತಿದೆ. ಇಂಜಿನು ತನ್ನ ಶಾಖವನ್ನು ಗಾಳಿಗೆ ಕೊಡುವುದು ಎರಡರ ಉಷ್ಣತೆಗಳ ಅಂತರಕ್ಕೆ ಅನುಗುಣವಾಗಿ. ನೀರಿನಿಂದ ತಣಿಯುವ ಇಂಜಿನಿನಲ್ಲಿ ನೀರು 120 ಡಿಗ್ರಿಯನ್ನು ಮೀರಬಾರದೆಂದಿದ್ದರೆ, 15 ಡಿಗ್ರಿಯ ಗಾಳಿಯಲ್ಲಿ ಅಂತರ 105; 42 ಡಿಗ್ರಿಯಲ್ಲಿ 78. ಅಷ್ಟೇ ಶಾಖವನ್ನು ಹೊರಹಾಕಲು ರೇಡಿಯೇಟರಿನ ಸಾಮರ್ಥ್ಯ ಮೂರನೆಯ ಒಂದು ಪಾಲಿಗಿಂತ ಹೆಚ್ಚಬೇಕು. ಗಾಳಿಯಿಂದಲೇ ತಣಿಯುವ ಇಂಜಿನಿನ ಸಿಲಿಂಡರ್ ತಲೆ 200 ಡಿಗ್ರಿಯವರೆಗೆ ತಾಳಬಲ್ಲದಾದರೆ, ಅಂತರ 185ರಿಂದ 158ಕ್ಕೆ ಇಳಿಯುತ್ತದೆ. ನಷ್ಟ ನೂರಕ್ಕೆ 15. ನೀರು ತಂಪು, ಆದ್ದರಿಂದ ಬಿಸಿಲ ಸೀಮೆಗೆ ನೀರಿನ ಇಂಜಿನೇ ವಾಸಿ ಎಂಬ ಸಾಮಾನ್ಯ ನಂಬಿಕೆಗೆ ಈ ಅಂಕಿಗಳು ವಿರುದ್ಧವಾಗಿವೆ. ಯುರೋಪಿನ ಚಳಿಯಲ್ಲಿ ಅಳತೆಮಾಡಿದ ರೇಡಿಯೇಟರನ್ನು ಹಾಗೆಯೇ ತಂದು ಕೂಡಿಸಿದರೆ ಸುರಪುರದ ಬಯಲಿನಲ್ಲಿ ನೆಲಬಿಡುವ ಮೊದಲೇ ನೀರು ಕುದಿಯತೊಡಗುತ್ತದೆ. ಪ್ರೊಪೆಲರು ಹಿಂದಿರುವ ವಿಮಾನಗಳಲ್ಲಿ ನಿಂತಾಗ ಇಂಜಿನಿಗೆ ಬೀಸುಗಾಳಿಯೂ ದೊರೆಯುವುದಿಲ್ಲ.

ಇಂಧನದ ಪ್ರಶ್ನೆ ಈಚೆಗೆ ತೀವ್ರವಾಗಿದೆ. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲು ಸೇರಿದೆ. ರೋಟ್ಯಾಕ್ಸ್ 912 ಕುಟುಂಬಕ್ಕೆ ತಯಾರಕರು ಒಪ್ಪಿರುವುದು ನೂರಕ್ಕೆ 10. ಎಥನಾಲಿನ ಶಕ್ತಿ ಲೀಟರಿಗೆ ಪೆಟ್ರೋಲಿನ ಮೂರನೆಯ ಎರಡು ಪಾಲು. ಹಳೆಯ ಕಾರ್ಬ್ಯುರೇಟರಿನಲ್ಲಿ ಅದು ಮಿಶ್ರಣವನ್ನು ತೆಳುವಾಗಿಸುತ್ತದೆ. ಎರಡು-ಹೊಡೆತದ ಇಂಜಿನಿಗೆ ತೆಳುಮಿಶ್ರಣ ಏನು ಮಾಡುತ್ತದೆಂಬುದನ್ನು ಮೇಲೆ ಹೇಳಿದೆ. ಇದಲ್ಲದೆ ಅದು ನೀರನ್ನು ಹೀರುತ್ತದೆ. ಕೆಲವು ರಾಳದ ತೊಟ್ಟಿಗಳನ್ನೂ ರಬ್ಬರಿನ ಕೊಳವೆಗಳನ್ನೂ ಮೆತ್ತಗಾಗಿಸುತ್ತದೆ. ವಿಮಾನಗಳಿಗೆಂದೇ ಇರುವ ಸೀಸಯುಕ್ತ ಪೆಟ್ರೋಲನ್ನು 2022ರಿಂದ ಇಂಡಿಯನ್ ಆಯಿಲ್ ಸಂಸ್ಥೆ ದೇಶದಲ್ಲಿಯೇ ತಯಾರಿಸುತ್ತಿದ್ದರೂ ಅದು ಯಾದಗಿರಿಯ ಬಂಕಿನಲ್ಲಿ ದೊರೆಯುವ ವಸ್ತುವಲ್ಲ. ಎಥನಾಲಿನ ಪ್ರಮಾಣವನ್ನು ಕಾಲೇಜಿನ ರಸಾಯನಶಾಲೆಯಲ್ಲಿ ಯಾರಾದರೂ ಅಳೆಯಬಹುದು: ಗೆರೆಹಾಕಿದ ಜಾಡಿಯಲ್ಲಿ 90 ಮಿಲಿಲೀಟರ್ ಪೆಟ್ರೋಲು, 10 ಮಿಲಿಲೀಟರ್ ನೀರು ಹಾಕಿ ಕುಲುಕಿ ನಿಲ್ಲಿಸಿದರೆ ಎಥನಾಲು ನೀರಿನೊಡನೆ ಕೆಳಗಿಳಿಯುತ್ತದೆ. ಕೆಳಗಿನ ಪದರ 28ರ ಸುಮಾರಿಗೆ ಬಂದರೆ ಮಿಶ್ರಣ ನೂರಕ್ಕೆ 20 ಎಂದರ್ಥ.

ಈಗ ಹಿಂದಿನ ಬೆಂಚಿನ ಪ್ರಶ್ನೆಗೆ ಬರೋಣ. ಮಾರುತಿ ಎಸ್ಟೀಮ್ ಮತ್ತು ಜಿಪ್ಸಿ ಕಿಂಗ್ ಬಂಡಿಗಳಲ್ಲಿದ್ದ 1.3 ಲೀಟರಿನ ಇಂಜಿನು ಸುಜ಼ುಕಿಯ ಜಿ-ವರ್ಗಕ್ಕೆ ಸೇರಿದ್ದು. ಇದೇ ವರ್ಗದ ಇಂಜಿನುಗಳನ್ನು ಅಮೆರಿಕ, ಕೆನಡಗಳ ಹವ್ಯಾಸಿಗಳು ವಿಮಾನಗಳಲ್ಲಿ ಬಳಸಿದ್ದಾರೆ. ಆದ್ದರಿಂದ ವಿದ್ಯಾರ್ಥಿಯ ಊಹೆ ಅಸಂಗತವಲ್ಲ. ಆದರೆ ಹೆದ್ದಾರಿಯಲ್ಲಿ ಓಡುವ ಕಾರು ತನ್ನ ಶಕ್ತಿಯ ಕಾಲು ಪಾಲನ್ನಷ್ಟೇ ಬಳಸುತ್ತದೆ. ವಿಮಾನ ಏರುವಾಗ ಪೂರ್ಣಶಕ್ತಿಯನ್ನೂ ಹಾರುವಾಗ ಗಂಟೆಗಟ್ಟಲೆ ಮುಕ್ಕಾಲು ಪಾಲನ್ನೂ ಬೇಡುತ್ತದೆ. ರಾತ್ರಿಯಿಡೀ ಗದ್ದೆಗೆ ನೀರೆತ್ತುವ ಪಂಪಿನಂತೆ ಬಿಡುವಿಲ್ಲದ ದುಡಿಮೆ. ಕಾರಿನ ಇಂಜಿನಿಗೆ ಸಾಮಾನ್ಯವಾಗಿ ಒಂದೇ ಕಿಡಿವ್ಯವಸ್ಥೆ. ವಿಮಾನದ ಇಂಜಿನಿನ ಪ್ರತಿ ಸಿಲಿಂಡರಿಗೂ ಎರಡು ಪ್ಲಗ್ಗು, ಎರಡು ಪ್ರತ್ಯೇಕ ವ್ಯವಸ್ಥೆ.

ಇವೆರಡಕ್ಕಿಂತಲೂ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಕಾರಿನ ಇಂಜಿನು ತನ್ನ ಶಕ್ತಿಯನ್ನು ಕೊಡುವುದು 5,500-6,000 ಸುತ್ತಿನಲ್ಲಿ. 1.7 ಮೀಟರಿನ ಪ್ರೊಪೆಲರು 5,800 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ 516 ಮೀಟರ್. ನಮ್ಮ ಬಿಸಿಲಿನಲ್ಲಿ ಶಬ್ದವೇಗವೇ 356. ಆದ್ದರಿಂದ ಗೇರು ಅನಿವಾರ್ಯ. ರೋಟ್ಯಾಕ್ಸ್ 912ರಲ್ಲಿ 2.43ಕ್ಕೆ ಒಂದರಂತೆ ಇಳಿಸಿದಾಗ ಅದು 212 ಮೀಟರಿಗೆ ಬರುತ್ತದೆ. ಕಾರಿನ ಇಂಜಿನಿಗೆ ಈ ಗೇರನ್ನು ಹವ್ಯಾಸಿಯೇ ಒದಗಿಸಬೇಕು. ನಾಲ್ಕು ಸಿಲಿಂಡರಿನ ಇಂಜಿನು ಸುತ್ತಿಗೆ ಎರಡು ಸಲ ದಂಡವನ್ನು ಹೊಡೆಯುತ್ತದೆ. 1,800 ಸುತ್ತಿನಲ್ಲಿ ಸೆಕೆಂಡಿಗೆ 60 ಹೊಡೆತ, 5,800ರಲ್ಲಿ 193. ದಂಡ, ಗೇರು, ಭಾರವಾದ ಪ್ರೊಪೆಲರು ಸೇರಿ ತಿರುಚಿದ ಬುಗುರಿಯಂತೆ ತಮ್ಮದೇ ಆದ ಒಂದು ಕಂಪನಸಂಖ್ಯೆಯನ್ನು ಹೊಂದಿರುತ್ತವೆ. ಅದು 90 ಆಗಿದ್ದರೆ 2,700 ಸುತ್ತಿನಲ್ಲಿ ಅನುರಣನ ಉಂಟಾಗುತ್ತದೆ. ಪ್ರತಿ ಹಾರಾಟದಲ್ಲಿಯೂ ಇಂಜಿನು ಈ ಸುತ್ತನ್ನು ದಾಟಲೇಬೇಕು. ನೆಲದ ಮೇಲೆ ಹತ್ತು ನಿಮಿಷ ಸೊಗಸಾಗಿ ಓಡಿದ ಯಂತ್ರದ ಗೇರುಹಲ್ಲು ಮೂವತ್ತನೆಯ ಗಂಟೆಯಲ್ಲಿ ಮುರಿಯುವುದು ಹೀಗೆ. ಕಾರಿನ ಇಂಜಿನನ್ನು ವಿಮಾನಕ್ಕೆ ಕೂಡಿಸುವವನಿಗೆ ಇಂಜಿನು ಅಗ್ಗ, ಗೇರು ದುಬಾರಿ. ನೀರು, ರೇಡಿಯೇಟರು, ಗೇರು ಎಲ್ಲ ಕೂಡಿ ತೂಕವೂ ನೂರು ಕಿಲೋಗ್ರಾಮನ್ನು ಸಮೀಪಿಸುತ್ತದೆ.

ಇಂಜಿನು ನಿಂತರೆ ಇಳಿಯುವುದೆಲ್ಲಿ? ನಾರಾಯಣಪುರದ ಎಡದಂಡೆ ಕಾಲುವೆಯ ಕೆಳಗೆ ಶಹಾಪುರ, ಸುರಪುರಗಳ ಭೂಮಿ ಬಹುಪಾಲು ಭತ್ತದ ಗದ್ದೆ. ನೀರು ನಿಂತ ಗದ್ದೆಯಲ್ಲಿ ಚಕ್ರ ಹೂತು ವಿಮಾನ ಮಗುಚುತ್ತದೆ. ಸುರಪುರದ ಸುತ್ತಲೂ ಯಾದಗಿರಿಯ ಕೋಟೆಯ ಬದಿಯಲ್ಲೂ ಬಂಡೆಗಲ್ಲುಗಳು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ ಮೇಲಿನಿಂದ ನೋಡಲು ಎಷ್ಟು ಸುಂದರವಾಗಿದ್ದರೂ ಅಲ್ಲಿ ಇಳಿಯಲಾಗದು. ಉಳಿದುದು ಎರೆಹೊಲ, ಒಣಗಿದಾಗ ಬಿರುಕು, ಮಳೆಯಾದರೆ ಕೆಸರು. ನೆಲಕ್ಕೆ ತಾಗುವ ವೇಗ ಗಂಟೆಗೆ 65 ಕಿಲೋಮೀಟರಿನಿಂದ 100ಕ್ಕೆ ಏರಿದರೆ ಆಘಾತದ ಶಕ್ತಿ ಎರಡೂಕಾಲು ಪಟ್ಟಿಗಿಂತ ಹೆಚ್ಚಾಗುತ್ತದೆ. ಭಾರವಾದ ಇಂಜಿನು ಈ ವೇಗವನ್ನೂ ಹೆಚ್ಚಿಸುತ್ತದೆಂಬುದನ್ನು ಮರೆಯಲಾಗದು. ಆದ್ದರಿಂದ ಈ ಸೀಮೆಗೆ ಆರಿಸಬೇಕಾದರೆ, ನಿಧಾನವಾಗಿ ಹಾರುವ ಒಡಲು, ನಾಲ್ಕು-ಹೊಡೆತದ ಗೇರುಳ್ಳ ವಿಮಾನ ಇಂಜಿನು, ಹೊಸದು ಕೈಗೆಟುಕದಿದ್ದರೆ ದಾಖಲೆಯುಳ್ಳ ಹಳೆಯದು ಎಂಬುದು ಈ ಲೇಖಕನ ಅಭಿಪ್ರಾಯ. ಕಾರಿನ ಇಂಜಿನನ್ನು ಕಾಲೇಜಿನ ಪರೀಕ್ಷಾಪೀಠದ ಮೇಲೆ ಪ್ರೊಪೆಲರು ಕೂಡಿಸಿ ನೂರು ಗಂಟೆ ಓಡಿಸಿ ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಕಲಿಯುವುದೂ ಬೇಕಾದಷ್ಟಿದೆ. ಹಾರುವುದಕ್ಕೆ ಮಾತ್ರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ ಅವಶ್ಯ.

ಯಾವ ಇಂಜಿನನ್ನೇ ಆರಿಸಿದರೂ ಇಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯುಂಟು. ಮೂಗನ್ನು ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ತೊಟ್ಟಿಯಲ್ಲಿ ಅತ್ಯಲ್ಪ ಇಂಧನವನ್ನಿಟ್ಟು, ಕಾರ್ಬ್ಯುರೇಟರಿಗೆ ಹೋಗುವ ಕೊಳವೆಯನ್ನು ಬಿಚ್ಚಿ, ಬೀಳುವ ಪೆಟ್ರೋಲನ್ನು ಅಳೆಯಬೇಕು. ತೊಟ್ಟಿ ಮೇಲಿದ್ದು ಭಾರದಿಂದಲೇ ಇಳಿಯುವುದಾದರೆ ಪೂರ್ಣಶಕ್ತಿಯ ಬಳಕೆಯ ಒಂದೂವರೆ ಪಟ್ಟು, ಪಂಪಿನಿಂದಾದರೆ ಒಂದೂಕಾಲು ಪಟ್ಟು ಹರಿಯಬೇಕೆಂಬುದು ಅಂಗೀಕೃತ ನಿಯಮ. ಗಂಟೆಗೆ 27 ಲೀಟರ್ ಬಳಸುವ 100 ಅಶ್ವಶಕ್ತಿಯ ಇಂಜಿನಿಗೆ, ಭಾರದಿಂದ ಇಳಿಯುವ ತೊಟ್ಟಿಯಿದ್ದರೆ, 10 ಲೀಟರ್ 15 ನಿಮಿಷದೊಳಗೆ ತುಂಬಬೇಕು. ಈ ಪರೀಕ್ಷೆಯನ್ನು ಮುಂಜಾನೆಯ ತಂಪಿನಲ್ಲಿ ಮಾಡದೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ಕೊಳವೆಗಳು ಬಿಸಿಲಿನಲ್ಲಿ ಕಾದ ಮೇಲೆ, ಬಂಕಿನಿಂದ ಅಂದೇ ತಂದ ಪೆಟ್ರೋಲಿನಿಂದ ಮಾಡತಕ್ಕದ್ದು. ಬೆಂಕಿಯ ಸುಳಿವೂ ಸುತ್ತ ಇರಬಾರದು.